640 ಅಡಿಕೆ ಎಲೆ, ಒಂದು ಮ್ಯಾಕ್ರೋ: ಇಮೇಜ್‌ಜೆಯಲ್ಲಿ ನಿಜವಾಗಿ ಬೇಕಾಗುವ ಕಮಾಂಡ್‌ಗಳು

ನನ್ನ ಅಕ್ಕನ ಮಗಳು ಶಿವಮೊಗ್ಗದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಅವಳ ಪ್ರಾಜೆಕ್ಟು ಅಡಿಕೆಯ ಎಲೆಚುಕ್ಕೆ ರೋಗದ ಮೇಲೆ. ಮಳೆಗಾಲದಲ್ಲಿ ಕೊಲೆಟೋಟ್ರೈಕಮ್‌ನಂಥ ಶಿಲೀಂಧ್ರಗಳಿಂದ ಸೋಗೆಯ ಮೇಲೆ ಕಂದು ಚುಕ್ಕೆ, ಅದರ ಸುತ್ತ ಹಳದಿ ಉಂಗುರ ಬರುತ್ತದಲ್ಲ, ಅದೇ. ತೀರ್ಥಹಳ್ಳಿ, ಹೊಸನಗರ ಕಡೆಯ ತೋಟಗಳಿಂದ ಸೋಗೆ ತಂದು, ಎಲೆಗಳನ್ನು ಎ4 ಹಾಳೆಗೆ ಹಿಡಿಸುವಷ್ಟು ಉದ್ದಕ್ಕೆ ಕತ್ತರಿಸಿ, ಸ್ಕ್ಯಾನರ್ ಮೇಲಿಟ್ಟು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ದಳು. ಒಟ್ಟು 640 ಚಿತ್ರ. ಪ್ರತಿ ಎಲೆಯಲ್ಲೂ ನೂರಕ್ಕೆ ಎಷ್ಟು ಭಾಗ ಚುಕ್ಕೆ ಇದೆ ಅನ್ನುವ ಲೆಕ್ಕ ಬೇಕಿತ್ತು.

ಕೈಯಲ್ಲೇ ಮಾಡಲು ಕೂತಳು. ಒಂದು ಚಿತ್ರಕ್ಕೆ 3 ನಿಮಿಷ. 640 ಚಿತ್ರಕ್ಕೆ 32 ಗಂಟೆ, ಅದೂ ನಡುವೆ ಎಲ್ಲೂ ಕೈ ತಪ್ಪದಿದ್ದರೆ. ಎರಡನೇ ದಿನ ಫೋನ್ ಮಾಡಿದಳು. "ಮಾವ, ಇದಕ್ಕೆ ಮ್ಯಾಕ್ರೋ ಅಂತ ಏನೋ ಇದೆಯಂತೆ, ನಂಗೆ ಪ್ರೋಗ್ರಾಮಿಂಗ್ ಬರಲ್ಲ, ಏನ್ ಮಾಡ್ಲಿ?"

ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲೆ, ಜೀವಕೋಶ, ಮಣ್ಣಿನ ಕಣ, ಪರಾಗ, ಏನನ್ನೇ ಚಿತ್ರದಿಂದ ಅಳೆಯುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಸಾಫ್ಟ್‌ವೇರ್ ಹೆಸರು ಇಮೇಜ್‌ಜೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ವೇಯ್ನ್ ರಾಸ್‌ಬ್ಯಾಂಡ್ ಮೊದಲು 1987ರಲ್ಲಿ ಮ್ಯಾಕ್ ಕಂಪ್ಯೂಟರ್‌ಗೆ ಎನ್‌ಐಎಚ್ ಇಮೇಜ್ ಅಂತ ಒಂದನ್ನು ಬರೆದರು. ಆಮೇಲೆ 1997ರಲ್ಲಿ ಎಲ್ಲ ಕಂಪ್ಯೂಟರಿನಲ್ಲೂ ಓಡಲಿ ಅಂತ ಜಾವಾದಲ್ಲಿ ಹೊಸದಾಗಿ ಬರೆದಿದ್ದು ಇಮೇಜ್‌ಜೆ. ಪೂರ್ತಿ ಉಚಿತ. ಅದಕ್ಕೇ ನೂರಾರು ಪ್ಲಗಿನ್ (ಹೊಸ ಕೆಲಸ ಮಾಡಿಕೊಡುವ ಜೋಡಣೆ) ಸೇರಿಸಿ ಕೊಡುವ ರೂಪವೇ ಫಿಜಿ. ಹೊಸದಾಗಿ ಶುರು ಮಾಡುವವರು ಫಿಜಿಯನ್ನೇ ಹಾಕಿಕೊಳ್ಳಿ, ಅದರ ಸ್ಕ್ರಿಪ್ಟ್ ಎಡಿಟರ್ ಚೆನ್ನಾಗಿದೆ.

ಇನ್ನೊಂದು ಮಾತು. ಓದಲು ಸುಲಭ ಆಗಲಿ ಅಂತ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬೇಕು. ಕಮಾಂಡಿನ ಮೊದಲ ಪದ ಪೂರ್ತಿ ಸಣ್ಣಕ್ಷರ, ಅದಕ್ಕೆ ಅಂಟಿಕೊಂಡ ಮುಂದಿನ ಪದಗಳು ದೊಡ್ಡಕ್ಷರದಿಂದ ಶುರು. ‘ಫೈಲ್’ ಮತ್ತು ‘ಡೈಲಾಗ್’ ಅಂತ ಶುರುವಾಗುವ ಕಮಾಂಡ್‌ಗಳಿಗೆ ಮಾತ್ರ ಮೊದಲ ಅಕ್ಷರವೂ ದೊಡ್ಡದು.

ಮೊದಲು ರೆಕಾರ್ಡರ್

ಮ್ಯಾಕ್ರೋ ಅಂದರೆ ನೀವು ಮೌಸ್ ಹಿಡಿದು ಮಾಡುವ ಕೆಲಸವನ್ನೇ ಸಾಲುಸಾಲಾಗಿ ಬರೆದಿಟ್ಟ ಚೀಟಿ. ಆ ಚೀಟಿಯನ್ನು ನೀವೇ ಬರೆಯಬೇಕಾಗಿಯೂ ಇಲ್ಲ. ಪ್ಲಗಿನ್ಸ್ ಮೆನುವಿನಲ್ಲಿ ಮ್ಯಾಕ್ರೋಸ್, ಅದರೊಳಗೆ ರೆಕಾರ್ಡ್ ಅಂತ ಇದೆ. ಅದನ್ನು ತೆರೆದಿಟ್ಟು ಒಂದೇ ಒಂದು ಚಿತ್ರದ ಮೇಲೆ ಕೆಲಸ ಮಾಡಿ. ನೀವು ಮೆನು ಒತ್ತಿದ ಹಾಗೆ ಅಲ್ಲಿ ಸಾಲು ಬೀಳುತ್ತಾ ಹೋಗುತ್ತದೆ. ಚಿತ್ರವನ್ನು ಕಪ್ಪು ಬಿಳುಪು ಮಾಡಿದಿರಿ ಅಂದುಕೊಳ್ಳಿ, ಹೀಗೆ ಬರುತ್ತದೆ:

ರನ್("8-ಬಿಟ್");

‘ರನ್’ ಅನ್ನುವುದು ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುವ ಕಮಾಂಡ್. ಮೆನುವಿನಲ್ಲಿ ಏನು ಹೆಸರಿದೆಯೋ ಅದನ್ನು ಚಾಚೂ ತಪ್ಪದೆ ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಆ ಕೆಲಸ ಆಗುತ್ತದೆ. ಮೆನು ಹೆಸರಿನ ಕೊನೆಗೆ ಮೂರು ಚುಕ್ಕೆ ಇದ್ದರೆ ಅದನ್ನೂ ಬರೆಯಬೇಕು. ಒಂದು ಚುಕ್ಕೆ ಬಿಟ್ಟರೂ ಅಂಥ ಕಮಾಂಡ್ ಇಲ್ಲ ಅನ್ನುತ್ತದೆ. ಪೆಟ್ಟಿಗೆ ತೆರೆದು ಸಂಖ್ಯೆ ತುಂಬುವ ಕೆಲಸವಾದರೆ ಎರಡನೇ ಉದ್ಧರಣದಲ್ಲಿ ಆ ಸಂಖ್ಯೆಗಳು ಬರುತ್ತವೆ:

ರನ್("ಗಾಸಿಯನ್ ಬ್ಲರ್...", "ಸಿಗ್ಮಾ=2");

ಆ ಎರಡನೇ ಭಾಗ ಬರೀ ಅಕ್ಷರಮಾಲೆ. ಅದರೊಳಗೆ 2ರ ಬದಲು ನಿಮ್ಮ ವೇರಿಯಬಲ್ (ಬೆಲೆಯೊಂದನ್ನು ಹಿಡಿದಿಡುವ ಹೆಸರು) ಬರೆದರೆ ಕಂಪ್ಯೂಟರಿಗೆ ಯಾವಾಗಲೂ ಗೊತ್ತಾಗುತ್ತದೆ ಅನ್ನುವ ಹಾಗಿಲ್ಲ. "ಸಿಗ್ಮಾ=" ಅಂತ ಉದ್ಧರಣ ಮುಗಿಸಿ, ಆಚೆ ಕೂಡುವ ಚಿಹ್ನೆ ಹಾಕಿ ವೇರಿಯಬಲ್ ಹೆಸರು ಬರೆಯುವುದು ಭದ್ರ. ಹೊಸದಾಗಿ ಕಲಿಯುವವರು ಅರ್ಧ ದಿನ ಕಳೆಯುವುದು ಇಲ್ಲೇ. ಇದಕ್ಕೆ ಸೇರಿದ್ದೇ ಇನ್ನೊಂದು: ಕೊಡುವ ಬೆಲೆಯಲ್ಲಿ ಖಾಲಿ ಜಾಗ ಇದ್ದರೆ, ಅಂದರೆ ಫೋಲ್ಡರ್ ಹೆಸರು ‘ಹೊಸನಗರ ತೋಟ’ ಅಂತ ಎರಡು ಪದ ಇದ್ದರೆ, ಅದನ್ನು ಚೌಕ ಬ್ರಾಕೆಟ್ಟಿನಲ್ಲಿ ಇಡಬೇಕು. ಇಲ್ಲದಿದ್ದರೆ ಅದು ‘ಹೊಸನಗರ’ದ ಹತ್ತಿರ ನಿಂತುಬಿಡುತ್ತದೆ, ‘ತೋಟ’ ಅನ್ನುವುದು ಬೇರೆ ಯಾವುದೋ ಆಯ್ಕೆ ಅಂದುಕೊಳ್ಳುತ್ತದೆ.

ರೆಕಾರ್ಡರ್ ಇಷ್ಟು ಮಾಡಿಕೊಡುತ್ತದೆ. ಹಾಗಾದರೆ ಕಲಿಯುವುದಕ್ಕೆ ಏನು ಉಳಿಯಿತು ಅಂತ ಕೇಳಬಹುದು. ಉಳಿದಿದ್ದು ಮುಖ್ಯವಾದದ್ದೇ. ರೆಕಾರ್ಡರ್ ಬರೆದಿದ್ದು ನಿಮ್ಮ ಮುಂದೆ ಆಗ ತೆರೆದಿದ್ದ ಒಂದು ಚಿತ್ರಕ್ಕೆ, ಆಗ ನಿಮ್ಮ ಕಂಪ್ಯೂಟರಿನಲ್ಲಿ ಇದ್ದ ಸೆಟ್ಟಿಂಗ್‌ಗಳಿಗೆ ಸರಿ. ಎರಡನೇ ಚಿತ್ರಕ್ಕೆ, ಪಕ್ಕದ ಕಂಪ್ಯೂಟರಿಗೆ, ನಾಳೆ ಬೆಳಿಗ್ಗೆಗೆ ಅದು ಸರಿ ಅಂತ ಯಾರೂ ಹೇಳಿಲ್ಲ. ಇಮೇಜ್‌ಜೆ ಬಹಳಷ್ಟು ವಿಷಯವನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ: ಈಗ ಮುಂದೆ ಯಾವ ಕಿಟಕಿ ಇದೆ, ಅಳತೆ ಪಟ್ಟಿ ಯಾವುದು, ಹಿಂದಿನ ಗುರುತುಗಳು ಎಷ್ಟು ಉಳಿದಿವೆ. ಮೌಸಿನಲ್ಲಿ ಮಾಡುವಾಗ ಇದನ್ನೆಲ್ಲ ನಮ್ಮ ಕಣ್ಣು ನೋಡಿಕೊಳ್ಳುತ್ತದೆ. ಮ್ಯಾಕ್ರೋಗೆ ಕಣ್ಣಿಲ್ಲ. ನನ್ನ ಲೆಕ್ಕದಲ್ಲಿ ಉಪಯುಕ್ತ ಕಮಾಂಡ್ ಅಂದರೆ ಆ ನೆನಪನ್ನು ಬಾಯಿಬಿಟ್ಟು ಹೇಳಿಸುವ ಕಮಾಂಡ್‌ಗಳು.

ಎಲ್ಲಾ ಎಲೆಗೂ ಒಂದೇ ವಿಸ್ತೀರ್ಣ

ಅವಳ ಮೊದಲ ಮ್ಯಾಕ್ರೋ ಓಡಿತು. ರಾತ್ರಿ ಒಂಬತ್ತಕ್ಕೆ ಫೋನ್. "ಮಾವ, ಎಲ್ಲಾ ಎಲೆನೂ ಒಂದೇ ಅಳತೆ ಬರ್ತಿದೆ."

"ಒಂದ್ ನಿಮಿಷ ತಡಿ ಮಾರಾಯ್ತಿ, ಟೇಬಲ್ ಕಳಿಸು."

ನೋಡಿದೆ. ಎಲೆಯ ವಿಸ್ತೀರ್ಣದ ಕಾಲಂನಲ್ಲಿ ಮೊದಲ ಸಾಲು 86.412 ಚದರ ಸೆಂಟಿಮೀಟರ್. ಎರಡನೇ ಸಾಲು 86.412. ಮೂರನೆಯದೂ ಅದೇ. ಕೆಳಗಿನ ತನಕ ಒಂದೇ ಸಂಖ್ಯೆ. ಆದರೆ ಚುಕ್ಕೆಯ ಶೇಕಡಾ ಮಾತ್ರ ಪ್ರತಿ ಸಾಲಿನಲ್ಲೂ ಬೇರೆಬೇರೆ, ನೋಡಲು ನಂಬುವ ಹಾಗೇ ಇದೆ. ವಿಸ್ತೀರ್ಣದ ಕಾಲಂ ಇಲ್ಲದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪ್ರಬಂಧದಲ್ಲಿ ಹಾಗೇ ಅಚ್ಚಾಗಿಬಿಡುತ್ತಿತ್ತು.

ಆಗಿದ್ದು ಇಷ್ಟು. ಇಮೇಜ್‌ಜೆಯಲ್ಲಿ ಎಲೆಯ ಅಂಚನ್ನು ಗುರುತು ಮಾಡಿ ಆರ್‌ಒಐ ಮ್ಯಾನೇಜರ್ ಅನ್ನುವ ಪಟ್ಟಿಗೆ (ಆರ್‌ಒಐ ಅಂದರೆ ಚಿತ್ರದಲ್ಲಿ ಗುರುತು ಮಾಡಿದ ಜಾಗ) ಸೇರಿಸುತ್ತೇವೆ. ಅವಳ ಮ್ಯಾಕ್ರೋ ಪ್ರತಿ ಚಿತ್ರದ ಗುರುತನ್ನು ಸೇರಿಸಿ, ಆಮೇಲೆ ಪಟ್ಟಿಯ 0ನೇ ಗುರುತನ್ನು ಆರಿಸಿ ಅಳೆಯುತ್ತಿತ್ತು. ಮೊದಲ ಚಿತ್ರಕ್ಕೆ ಸರಿ. ಎರಡನೇ ಚಿತ್ರದ ಗುರುತು ಪಟ್ಟಿಯಲ್ಲಿ 1ನೇ ಜಾಗಕ್ಕೆ ಹೋಯಿತು, ಆದರೆ ಮ್ಯಾಕ್ರೋ ಆರಿಸಿದ್ದು ಮತ್ತೆ 0ಯನ್ನೇ. ಅಂದರೆ ಅಷ್ಟೂ ಎಲೆಯ ಮೇಲೆ ಮೊದಲ ಎಲೆಯ ಆಕಾರವನ್ನೇ ಇಟ್ಟು ಅಳೆದಿದೆ. ಪ್ರತಿ ಚಿತ್ರಕ್ಕೂ ಅದೇ ಕೆಲಸ ಮತ್ತೆ ಮಾಡಿಸುವ ಸುತ್ತಿನ ಶುರುವಿಗೆ ಒಂದೇ ಸಾಲು ಹಾಕಿದರೆ ಮುಗಿಯಿತು:

ಆರ್‌ಒಐಮ್ಯಾನೇಜರ್("ರೀಸೆಟ್");

ಇದೇ ಕಮಾಂಡಿಗೆ "ಕೌಂಟ್" ಅಂತ ಕೊಟ್ಟರೆ ಪಟ್ಟಿಯಲ್ಲಿ ಎಷ್ಟು ಗುರುತಿದೆ ಅಂತ ಹೇಳುತ್ತದೆ. ಒಂದು ಸ್ಕ್ಯಾನಿನಲ್ಲಿ ಒಂದೇ ಎಲೆ ಇರಬೇಕು ಅಲ್ವಾ? ಎಣಿಕೆ 1 ಬರದಿದ್ದರೆ ಆ ಚಿತ್ರದ ಹೆಸರನ್ನು ‘ಪ್ರಿಂಟ್’ ಕಮಾಂಡಿನಿಂದ ಲಾಗ್ ಕಿಟಕಿಗೆ ಬರೆಸಿ, ಅಳೆಯದೆ ಮುಂದಕ್ಕೆ ಹೋಗು ಅಂತ ಹೇಳಿಸಿ. 640ರಲ್ಲಿ ಹನ್ನೊಂದು ಚಿತ್ರ ಹೀಗೆ ಹೊರಗೆ ಬಂದವು. ಕೆಲವದರಲ್ಲಿ ಎಲೆ ಸೀಳಿ ಎರಡು ತುಂಡಾಗಿತ್ತು, ಒಂದರಲ್ಲಿ ಕಪ್ಪು ಪೆನ್ನಿನಲ್ಲಿ ಬರೆದ ದಪ್ಪ ಲೇಬಲ್ ಕೂಡ ಎಲೆ ಅಂತ ಸೇರಿಕೊಂಡಿತ್ತು. ಅವನ್ನು ಕೈಯಲ್ಲೇ ಮಾಡಿದಳು.

ಎಣಿಕೆಯ ವಿಷಯ ಬಂದಿದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಆರ್‌ಒಐ ಪಟ್ಟಿ, ಫೈಲ್ ಪಟ್ಟಿ, ರಿಸಲ್ಟ್ ಟೇಬಲಿನ ಸಾಲು, ಎಲ್ಲವೂ 0ಯಿಂದ ಶುರು. ಪದರಗಳಿರುವ ಚಿತ್ರದಲ್ಲಿ ಪದರ ಆರಿಸುವ ‘ಸೆಟ್‌ಸ್ಲೈಸ್’ ಮಾತ್ರ 1ರಿಂದ ಶುರು. ಇದನ್ನು ಗೋಡೆಗೆ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ.

ಯಾವ ಕಿಟಕಿ ಮುಂದಿದೆ?

ಮ್ಯಾಕ್ರೋದ ಪ್ರತಿ ಸಾಲೂ ಆ ಕ್ಷಣದಲ್ಲಿ ಮುಂದಿರುವ ಚಿತ್ರದ ಮೇಲೆ ಕೆಲಸ ಮಾಡುತ್ತದೆ. ಒಂದು ಚಿತ್ರ ನಕಲು ಮಾಡಿದಿರಿ ಅಂದರೆ ನಕಲು ಮುಂದೆ ಬರುತ್ತದೆ, ಮೂಲ ಹಿಂದೆ ಹೋಗುತ್ತದೆ. ಮೂಲದ ಮೇಲೆ ಅಳೆಯುತ್ತಿದ್ದೇವೆ ಅಂದುಕೊಂಡು ನಕಲಿನ ಮೇಲೆ ಅಳೆದರೆ ಯಾವ ದೂರೂ ಬರುವುದಿಲ್ಲ, ತಪ್ಪು ಸಂಖ್ಯೆ ಸುಮ್ನೆ ಬಂದು ಕೂರುತ್ತದೆ.

ರೆಕಾರ್ಡರ್ ಇದಕ್ಕೆ ‘ಸೆಲೆಕ್ಟ್‌ವಿಂಡೋ’ ಅಂತ ಕಿಟಕಿಯ ಹೆಸರು ಹಿಡಿದು ಬರೆಯುವುದುಂಟು. ಹೆಸರು ಹಿಡಿದು ಕರೆಯುವುದು ಒಂದು ಚಿತ್ರಕ್ಕೆ ಆಯಿತು, ಮುಂದಿನ ಚಿತ್ರದ ಹೆಸರೇ ಬೇರೆ. ಒಂದೇ ಹೆಸರಿನ ಎರಡು ಕಿಟಕಿ ತೆರೆದಿದ್ದರಂತೂ ಯಾವುದು ಬರುತ್ತದೆ ಅಂತ ಹೇಳುವುದೇ ಕಷ್ಟ. ನಾನು ಯಾವಾಗಲೂ ಬಳಸುವುದು ‘ಗೆಟ್‌ಇಮೇಜ್‌ಐಡಿ’. ಚಿತ್ರ ತೆರೆದ ಕೂಡಲೇ ಹೀಗೆ ಬರೆದಿಟ್ಟುಕೊಳ್ಳಿ:

ಮೂಲ = ಗೆಟ್‌ಇಮೇಜ್‌ಐಡಿ();

ಆಮೇಲೆ ಯಾವಾಗ ಬೇಕೋ ಆಗ ‘ಸೆಲೆಕ್ಟ್‌ಇಮೇಜ್’ ಅಂತ ಬರೆದು ಬ್ರಾಕೆಟ್ಟಿನಲ್ಲಿ ‘ಮೂಲ’ ಕೊಟ್ಟರೆ ಅದೇ ಚಿತ್ರ ಮುಂದೆ ಬರುತ್ತದೆ. ಐಡಿ ನೋಡಿದರೆ ಮೈನಸ್ 3, ಮೈನಸ್ 17 ಅಂತ ಋಣ ಸಂಖ್ಯೆ ಕಾಣುತ್ತದೆ. ಗಾಬರಿಯಾಗಬೇಡಿ, ಅದು ಇರುವುದೇ ಹಾಗೆ. ‘ಗೆಟ್‌ಟೈಟಲ್’ ಚಿತ್ರದ ಹೆಸರು ಕೊಡುತ್ತದೆ. ಟೇಬಲಿನಲ್ಲಿ ಯಾವ ಸಾಲು ಯಾವ ತೋಟದ್ದು ಅಂತ ಗೊತ್ತಾಗಲು ಅದು ಬೇಕೇ ಬೇಕು. ಚಿತ್ರ ತೆರೆದ ತಕ್ಷಣ ಅದನ್ನೂ ಹಿಡಿದಿಟ್ಟುಕೊಳ್ಳಿ, ಬಣ್ಣ ಬೇರ್ಪಡಿಸುವ ಕೆಲವು ಕಮಾಂಡ್‌ಗಳು ಮೂಲ ಕಿಟಕಿಯನ್ನೇ ಮುಚ್ಚಿ ಹೊಸ ಹೆಸರಿನ ಕಿಟಕಿಗಳನ್ನು ಕೊಡುತ್ತವೆ.

ಅಳಿಸಬಾರದ ಒಂದು ಸಾಲು

ಚಿತ್ರದಲ್ಲಿ ಎಲೆ ಯಾವುದು ಹಾಳೆ ಯಾವುದು ಅಂತ ಬೇರ್ಪಡಿಸುವುದಕ್ಕೆ ಥ್ರೆಶೋಲ್ಡ್ ಅನ್ನುತ್ತಾರೆ. ಮಂಡಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡುವ ಹಾಗೆ, ಇಲ್ಲಿ ಪ್ರತಿ ಪಿಕ್ಸೆಲ್ಲನ್ನೂ ಅದರ ಹೊಳಪು ನೋಡಿ ಎರಡು ರಾಶಿ ಮಾಡುತ್ತೇವೆ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದನ್ನು ಲೆಕ್ಕ ಹಾಕಿ ಹೇಳುವ ವಿಧಾನಗಳಿವೆ. ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಕೊಟ್ಟ ವಿಧಾನ ತುಂಬ ಹೆಸರಾದದ್ದು. ಬಿಳಿ ಹಾಳೆ ಮೇಲಿನ ಎಲೆಗೆ ಅದು ಚೆನ್ನಾಗಿ ಹೊಂದುತ್ತದೆ.

ಸೆಟ್‌ಆಟೋಥ್ರೆಶೋಲ್ಡ್("ಓಟ್ಸು");

ಇದರ ಜೊತೆ "ಡಾರ್ಕ್" ಅಂತ ಸೇರಿಸಿದರೆ ಹಿನ್ನೆಲೆ ಕಪ್ಪು ಅಂತ ಅರ್ಥ. ನಮ್ಮದು ಬಿಳಿ ಹಿನ್ನೆಲೆ, ಹಾಗಾಗಿ ಬೇಡ. ಎಷ್ಟೋ ಜನ ಇದನ್ನು ವಸ್ತು ಕಪ್ಪಗಿದೆ ಅಂತ ಓದಿಕೊಂಡು ತಲೆಕೆಳಗು ಮಾಡಿಕೊಳ್ಳುತ್ತಾರೆ.

ಥ್ರೆಶೋಲ್ಡ್ ಆದಮೇಲೆ ಅದನ್ನು ಬರೀ ಕಪ್ಪು, ಬಿಳಿ ಎರಡೇ ಬಣ್ಣದ ಚಿತ್ರ, ಅಂದರೆ ಮಾಸ್ಕ್ ಮಾಡುವಾಗ ರೆಕಾರ್ಡರ್ ತಾನಾಗಿಯೇ ಇನ್ನೊಂದು ಸಾಲು ಹಾಕುತ್ತದೆ:

ಸೆಟ್‌ಆಪ್ಶನ್("ಬ್ಲ್ಯಾಕ್‌ಬ್ಯಾಕ್‌ಗ್ರೌಂಡ್", ಟ್ರೂ);

ನೋಡಿದರೆ ಬೇಡದ ಸಾಲಿನ ಹಾಗೆ ಕಾಣುತ್ತದೆ. ನಾವೇನೂ ಅಂಥದ್ದು ಒತ್ತಿಲ್ಲವಲ್ಲ. ಹುಡುಗಿ ಇದನ್ನು ಅಳಿಸಿದ್ದಳು. ಮನೆಯ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡಿತು, ಲ್ಯಾಬಿನ ಕಂಪ್ಯೂಟರಿನಲ್ಲಿ ಬೇರೆ ಉತ್ತರ ಬಂತು. ಮಾಸ್ಕಿನಲ್ಲಿ ಹಿನ್ನೆಲೆ ಕಪ್ಪು ಇರಬೇಕೋ ಬಿಳಿ ಇರಬೇಕೋ ಅನ್ನುವ ಸೆಟ್ಟಿಂಗ್ ಅದು. ಪ್ರತಿ ಕಂಪ್ಯೂಟರಿನಲ್ಲಿ ಹಿಂದೆ ಯಾರು ಏನು ಟಿಕ್ ಮಾಡಿದ್ದರೋ ಹಾಗೇ ಉಳಿದಿರುತ್ತದೆ. ಅದು ಬದಲಾದರೆ ಮುಂದಿನ ಹೆಜ್ಜೆಗಳಲ್ಲಿ ಎಲೆ ಯಾವುದು ಹಾಳೆ ಯಾವುದು ಅನ್ನುವುದು ತಿರುಗುಮುರುಗು ಆಗಬಹುದು. ಹಾಗಾಗಿ ಈ ಸಾಲನ್ನು ಅಳಿಸಬೇಡಿ. ತೆಗೆದು ಮ್ಯಾಕ್ರೋದ ತಲೆಗೇ ಹಾಕಿ.

ಇದೇ ಜಾತಿಗೆ ಸೇರಿದ್ದು ಇನ್ನೆರಡಿವೆ. ಒಂದು ‘ಸೆಟ್ ಮೆಷರ್‌ಮೆಂಟ್ಸ್’. ಏನೇನು ಅಳೆಯಬೇಕು ಅನ್ನುವ ಟಿಕ್‌ಗಳ ಪೆಟ್ಟಿಗೆ ಅದು, ಹಿಂದಿನವರು ಮಾಡಿದ ಟಿಕ್ ಅಲ್ಲೂ ಉಳಿದಿರುತ್ತದೆ. ರೆಕಾರ್ಡರ್ ಚಾಲೂ ಇರುವಾಗ ಆ ಪೆಟ್ಟಿಗೆ ತೆರೆದು, ಬೇಕಾದ್ದಕ್ಕಷ್ಟೇ ಟಿಕ್ ಹಾಕಿ ಓಕೆ ಒತ್ತಿ, ಬಂದ ಸಾಲನ್ನು ಹಾಗೇ ಮೇಲೆ ಇಟ್ಟುಕೊಳ್ಳಿ. ನಮಗೆ ಬೇಕಿದ್ದು ವಿಸ್ತೀರ್ಣ ಮತ್ತು ಏರಿಯಾ ಫ್ರ್ಯಾಕ್ಷನ್. ಎರಡನೆಯದು ‘ಸೆಟ್ ಸ್ಕೇಲ್’. 300 ಡಿಪಿಐ ಅಂದರೆ ಒಂದು ಇಂಚಿಗೆ 300 ಪಿಕ್ಸೆಲ್, 2.54ರಿಂದ ಭಾಗಿಸಿದರೆ ಒಂದು ಸೆಂಟಿಮೀಟರಿಗೆ 118.11. ಅದನ್ನೇ ಕೊಟ್ಟೆವು. ಆ ಪೆಟ್ಟಿಗೆಯಲ್ಲಿ ಗ್ಲೋಬಲ್ ಅಂತ ಒಂದು ಟಿಕ್ ಇದೆ. ಹಾಕಿದರೆ ಆ ಅಳತೆ ಆಮೇಲೆ ತೆರೆಯುವ ಎಲ್ಲ ಚಿತ್ರಕ್ಕೂ ಅನ್ವಯ. ಬೇರೆಯವರು ಸೂಕ್ಷ್ಮದರ್ಶಕದ ಚಿತ್ರಕ್ಕೆ ಅಂತ ಗ್ಲೋಬಲ್ ಟಿಕ್ ಮಾಡಿ ಎದ್ದು ಹೋಗಿದ್ದರೆ, ಇಮೇಜ್‌ಜೆ ಮುಚ್ಚದೆ ನೀವು ಮುಂದುವರಿಸಿದರೆ, ನಿಮ್ಮ ಅಡಿಕೆ ಎಲೆ ಮೈಕ್ರೋಮೀಟರಿನಲ್ಲಿ ಬರುತ್ತದೆ. ಪ್ರತಿ ಚಿತ್ರ ತೆರೆದ ಮೇಲೂ ಮ್ಯಾಕ್ರೋ ಸ್ಕೇಲನ್ನು ತಾನೇ ಹಾಕಲಿ.

ಸ್ಕೇಲ್ ಹಾಕಿದ ಮೇಲೆ ಸಂಖ್ಯೆಗಳ ಅರ್ಥವೂ ಬದಲಾಗುತ್ತದೆ. ಎಲೆಯನ್ನು ಹುಡುಕಲು ನಾವು ಬಳಸಿದ್ದು ಇದು:

ರನ್("ಅನಲೈಸ್ ಪಾರ್ಟಿಕಲ್ಸ್...", "ಸೈಜ್=20-ಇನ್ಫಿನಿಟಿ ಇನ್‌ಕ್ಲೂಡ್ ಆಡ್");

20 ಅಂದರೆ ಇಲ್ಲಿ 20 ಚದರ ಸೆಂಟಿಮೀಟರ್. ಅದಕ್ಕಿಂತ ಚಿಕ್ಕ ಧೂಳು, ಕಸ ಎಲ್ಲ ಬಿಟ್ಟುಹೋಗುತ್ತದೆ. ಸ್ಕೇಲ್ ಹಾಕಲು ಮರೆತರೆ, ಚಿತ್ರದಲ್ಲೇ ಬೇರೆ ಅಳತೆ ಇಲ್ಲದಿದ್ದರೆ, ಅದೇ 20 ಬರೀ 20 ಪಿಕ್ಸೆಲ್ ಆಗಿ ಧೂಳೂ ಎಲೆಯಾಗುತ್ತದೆ. ‘ಇನ್‌ಕ್ಲೂಡ್’ ಅಂದರೆ ಎಲೆಯ ನಡುವೆ ಇರುವ ತೂತುಗಳನ್ನೂ ಎಲೆಯೊಳಗೇ ಲೆಕ್ಕ ಹಿಡಿ ಅಂತ. ರೋಗ ಬಂದು ಒಣಗಿ ಉದುರಿದ ಜಾಗವೂ ಎಲೆಯದ್ದೇ ಅಂತ ನಾವು ತೀರ್ಮಾನಿಸಿದೆವು. ಹುಳ ತಿಂದ ತೂತಾದರೆ ನಿಮ್ಮ ತೀರ್ಮಾನ ಬೇರೆ ಇರಬಹುದು. ಇಂಥದ್ದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ, ನೀವು ಯೋಚಿಸಿ ಬರೆದಿಡಬೇಕು. ‘ಆಡ್’ ಅಂದರೆ ಸಿಕ್ಕಿದ ಎಲೆಯನ್ನು ಆರ್‌ಒಐ ಪಟ್ಟಿಗೆ ಸೇರಿಸು.

ಚುಕ್ಕೆ ಹಿಡಿಯುವುದು

ಎಲೆಯ ಅಂಚು ಸಿಕ್ಕಿತು. ಇನ್ನು ಅದರೊಳಗೆ ಚುಕ್ಕೆ. ಬರೀ ಹೊಳಪು ನೋಡಿದರೆ ಆಗುವುದಿಲ್ಲ, ಗಾಢ ಹಸಿರು ಮತ್ತು ಕಂದು ಎರಡೂ ಕಪ್ಪುಬಿಳುಪಿನಲ್ಲಿ ಒಂದೇ ಥರ ಬೂದು. ಬಣ್ಣವನ್ನೇ ನೋಡಬೇಕು. ಅದಕ್ಕೆ ‘ಲ್ಯಾಬ್ ಸ್ಟ್ಯಾಕ್’ ಅನ್ನುವ ಮೆನು ಕಮಾಂಡ್ ಇದೆ. ಬಣ್ಣದ ಚಿತ್ರವನ್ನು ಮೂರು ಪದರ ಮಾಡುತ್ತದೆ: ಮೊದಲನೆಯದು ಹೊಳಪು, ಎರಡನೆಯದು ಹಸಿರಿನಿಂದ ಕೆಂಪಿನ ಕಡೆಗೆ, ಮೂರನೆಯದು ನೀಲಿಯಿಂದ ಹಳದಿಯ ಕಡೆಗೆ. ಎರಡನೇ ಪದರದಲ್ಲಿ ಹಸಿರು ಇದ್ದಲ್ಲಿ ಋಣ ಸಂಖ್ಯೆ, ಕೆಂಪು ಕಂದು ಇದ್ದಲ್ಲಿ ಧನ ಸಂಖ್ಯೆ. ನಮಗೆ ಬೇಕಾದ್ದು ಅದೇ. ‘ಸೆಟ್‌ಸ್ಲೈಸ್’ ಕೊಟ್ಟು ಎರಡನೇ ಪದರಕ್ಕೆ ಹೋಗಿ, ಅದೊಂದನ್ನು ನಕಲು ಮಾಡಿಕೊಂಡು, ಅದರ ಐಡಿ ಹಿಡಿದಿಟ್ಟುಕೊಳ್ಳಿ.

ಈಗ ಆ ನಕಲನ್ನು ಮುಂದೆ ತಂದು, ಆರ್‌ಒಐ ಪಟ್ಟಿಯ 0ನೇ ಗುರುತನ್ನು ಅದರ ಮೇಲಿಟ್ಟು, ‘ಸೆಟ್‌ಥ್ರೆಶೋಲ್ಡ್’ ಕಮಾಂಡಿಗೆ ಕೆಳಗಿನ ಗಡಿ ಮೇಲಿನ ಗಡಿ ಎರಡು ಸಂಖ್ಯೆ ಕೊಟ್ಟು, ರನ್("ಮೆಷರ್") ಅಂದರೆ ಆಯಿತು. ಏರಿಯಾ ಫ್ರ್ಯಾಕ್ಷನ್ ಟಿಕ್ ಆಗಿದ್ದರೆ ಟೇಬಲಿನಲ್ಲಿ ಶೇಕಡಾ ಚಿಹ್ನೆಯ ಏರಿಯಾ ಕಾಲಂ ಬರುತ್ತದೆ. ಆಯ್ಕೆ ಮಾಡಿದ ಜಾಗದಲ್ಲಿ ನೂರಕ್ಕೆ ಎಷ್ಟು ಪಿಕ್ಸೆಲ್ ಆ ಗಡಿಗಳ ಒಳಗಿವೆ ಅನ್ನುವುದೇ ಅದು. ಚುಕ್ಕೆ ಬೇರೆ ಎಲೆ ಬೇರೆ ಅಳೆದು ಭಾಗಿಸುವ ಕೆಲಸವೇ ಉಳಿಯಲಿಲ್ಲ.

ಗಡಿ ಎಷ್ಟು ಕೊಡಬೇಕು? ಇಲ್ಲಿ ಆಟೋ ಬೇಡ ಅಂತ ನನ್ನ ಅಭಿಪ್ರಾಯ. ಆಟೋ ವಿಧಾನ ಪ್ರತಿ ಚಿತ್ರದಲ್ಲೂ ಎರಡು ರಾಶಿ ಇದ್ದೇ ಇದೆ ಅಂತ ನಂಬಿಕೊಂಡು ಗೆರೆ ಎಳೆಯುತ್ತದೆ. ಚುಕ್ಕೆಯೇ ಇಲ್ಲದ ಆರೋಗ್ಯದ ಎಲೆ ಕೊಟ್ಟರೆ ತಿಳಿಹಸಿರನ್ನೇ ರೋಗ ಅಂದುಬಿಡುತ್ತದೆ. ಇಪ್ಪತ್ತು ಎಲೆ ತೆಗೆದುಕೊಳ್ಳಿ, ಎಳೆಯದು, ಬಲಿತದ್ದು, ಚುಕ್ಕೆ ಕಡಿಮೆ ಇರುವುದು, ಪೂರ್ತಿ ಒಣಗಿದ್ದು ಎಲ್ಲ ಸೇರಿರಲಿ. ಥ್ರೆಶೋಲ್ಡ್ ಪೆಟ್ಟಿಗೆಯ ಕಡ್ಡಿ ಜರುಗಿಸುತ್ತಾ ಕಣ್ಣಿಗೆ ಯಾವ ಸಂಖ್ಯೆ ಸರಿ ಕಾಣುತ್ತದೆ ನೋಡಿ. ಹಳದಿ ಉಂಗುರ ರೋಗದ ಲೆಕ್ಕಕ್ಕೆ ಸೇರಬೇಕಾ ಬೇಡವಾ ಅನ್ನುವುದನ್ನು ಗೈಡ್ ಜೊತೆ ಮಾತಾಡಿ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಆ ಸಂಖ್ಯೆಯನ್ನು ಮ್ಯಾಕ್ರೋದ ಮೊದಲ ಸಾಲುಗಳಲ್ಲಿ ಒಂದು ವೇರಿಯಬಲ್ ಆಗಿ ಇಡಿ. ಎಲ್ಲ ಎಲೆಗೂ ಅದೇ.

ಸ್ಕ್ಯಾನ್ ಮಾಡುವಾಗ ಟಿಫ್ ರೂಪದಲ್ಲಿ ಉಳಿಸಿ. ಜೆಪೆಗ್ ಜಾಗ ಉಳಿಸಲು ಮೊದಲು ಬಲಿಕೊಡುವುದು ಬಣ್ಣದ ವಿವರವನ್ನೇ, ಮತ್ತು ನಾವು ಅಳೆಯುತ್ತಿರುವುದೂ ಬಣ್ಣವನ್ನೇ.

640 ಸಲ ಮಾಡಿಸುವುದು

‘ಗೆಟ್‌ಡೈರೆಕ್ಟರಿ’ ಯಾವ ಫೋಲ್ಡರ್ ಅಂತ ಕೇಳುವ ಪೆಟ್ಟಿಗೆ ತೋರಿಸುತ್ತದೆ. ‘ಗೆಟ್‌ಫೈಲ್‌ಲಿಸ್ಟ್’ ಅದರೊಳಗಿನ ಹೆಸರುಗಳ ಪಟ್ಟಿ ಕೊಡುತ್ತದೆ. ಒಳಗಿನ ಫೋಲ್ಡರುಗಳ ಹೆಸರೂ ಅದರಲ್ಲಿರುತ್ತವೆ, ಕೊನೆಗೆ ಓರೆಗೆರೆ ಇರುವವು ಫೋಲ್ಡರ್. ಎಕ್ಸೆಲ್ ಫೈಲ್ ಇದ್ದರೆ ಅದೂ ಬರುತ್ತದೆ. ಹಾಗಾಗಿ ‘ಎಂಡ್ಸ್‌ವಿತ್’ ಬಳಸಿ .ಟಿಫ್ ಅಂತ ಮುಗಿಯುವವನ್ನು ಮಾತ್ರ ತೆಗೆದುಕೊಳ್ಳಿ. ಅದಕ್ಕೆ ದೊಡ್ಡಕ್ಷರ ಸಣ್ಣಕ್ಷರ ಬೇರೆಬೇರೆ. ಹೆಸರನ್ನು ಮೊದಲು ‘ಟುಲೋವರ್‌ಕೇಸ್’ನಿಂದ ಸಣ್ಣಕ್ಷರ ಮಾಡಿ ಪರೀಕ್ಷಿಸಿ. ಟಿಫ್‌ಗೆ ಒಂದು ‘ಎಫ್’ ಹಾಕುವ ಸ್ಕ್ಯಾನರ್ ಇದೆ, ಎರಡು ಹಾಕುವುದೂ ಇದೆ, ಅದನ್ನೂ ನೋಡಿಕೊಳ್ಳಿ. ವಿಂಡೋಸಿನಲ್ಲಿ ದಾರಿ ಕೈಯಲ್ಲಿ ಬರೆಯುವುದಾದರೆ ಹಿಂದಕ್ಕೆ ವಾಲಿದ ಗೆರೆಯನ್ನು ಎರಡೆರಡು ಸಲ ಬರೆಯಬೇಕು, ಮುಂದಕ್ಕೆ ವಾಲಿದ ಗೆರೆ ಹಾಕಿದರೆ ಆ ತಲೆನೋವಿಲ್ಲ.

ಸುತ್ತು ಹೀಗೆ (ಡಿರ್ ಅಂದರೆ ಆ ಫೋಲ್ಡರ್, ಲಿಸ್ಟ್ ಅಂದರೆ ಆ ಪಟ್ಟಿ):

ಫಾರ್ (ಐ = 0; ಐ < ಲಿಸ್ಟ್.ಲೆಂಗ್ತ್; ಐ++) {
ಓಪನ್(ಡಿರ್ + ಲಿಸ್ಟ್[ಐ]);
ಮೂಲ = ಗೆಟ್‌ಇಮೇಜ್‌ಐಡಿ();

ಮೇಲೆ ಹೇಳಿದ್ದೆಲ್ಲ ಇದರ ಕೆಳಗೆ ಬರುತ್ತದೆ. ಸುತ್ತಿನ ಕೊನೆಗೆ ‘ಕ್ಲೋಸ್’ ಕಮಾಂಡಿಗೆ ನಕ್ಷತ್ರ ಚಿಹ್ನೆ ಕೊಟ್ಟರೆ ತೆರೆದಿರುವ ಎಲ್ಲ ಚಿತ್ರವೂ ಮುಚ್ಚುತ್ತದೆ. ಇದನ್ನು ಮರೆತರೆ ಏನಾಗುತ್ತದೆ ನೋಡಿ. ಎ4 ಹಾಳೆ 300 ಡಿಪಿಐನಲ್ಲಿ 2480 ಗುಣಿಲೆ 3508 ಪಿಕ್ಸೆಲ್. ಬಣ್ಣದ ಚಿತ್ರದಲ್ಲಿ ಇಮೇಜ್‌ಜೆ ಪ್ರತಿ ಪಿಕ್ಸೆಲ್ಲಿಗೆ 4 ಬೈಟ್ ಹಿಡಿಯುತ್ತದೆ. ಒಂದು ಚಿತ್ರಕ್ಕೆ ಹತ್ತಿರ ಹತ್ತಿರ 35 ಎಂಬಿ, 640 ಚಿತ್ರಕ್ಕೆ 22 ಜಿಬಿ. ನಕಲು, ಪದರಗಳು ಬೇರೆ. 8 ಜಿಬಿ ಲ್ಯಾಪ್‌ಟಾಪ್ ನೂರೈವತ್ತು ಎಲೆ ದಾಟುವ ಮೊದಲೇ ಕೈ ಎತ್ತುತ್ತದೆ.

‘ಸೆಟ್‌ಬ್ಯಾಚ್‌ಮೋಡ್’ಗೆ ಟ್ರೂ ಕೊಟ್ಟರೆ ಚಿತ್ರಗಳನ್ನು ಪರದೆಗೆ ತರದೆ ಒಳಗೇ ಕೆಲಸ ಮುಗಿಸುತ್ತದೆ. 20 ಪಟ್ಟು ತನಕ ವೇಗ ಬರಬಹುದು ಅಂತ ಇಮೇಜ್‌ಜೆ ಕೈಪಿಡಿಯೇ ಹೇಳುತ್ತದೆ. ಆದರೆ ಮ್ಯಾಕ್ರೋ ಇನ್ನೂ ಬರೆಯುತ್ತಿರುವಾಗ ಫಾಲ್ಸ್ ಇರಲಿ. ಐದು ಚಿತ್ರ ಕಣ್ಣೆದುರೇ ಓಡಲಿ, ಪ್ರತಿ ಹೆಜ್ಜೆಯಲ್ಲೂ ಏನಾಗುತ್ತಿದೆ ನೋಡಿ. ನಡುವೆ ನಿಲ್ಲಿಸಿ ನೋಡಬೇಕು ಅನ್ನಿಸಿದರೆ ‘ವೇಟ್‌ಫಾರ್‌ಯೂಸರ್’ ಅಂತ ಒಂದು ಸಾಲು ಹಾಕಿ, ನೀವು ಓಕೆ ಒತ್ತುವ ತನಕ ಕಾಯುತ್ತದೆ. ಎಲ್ಲ ಸರಿ ಅನ್ನಿಸಿದ ಮೇಲೆ ಟ್ರೂ ಮಾಡಿ.

ಮಳೆ, ಕರೆಂಟು, ಮತ್ತು ಉಳಿಸುವ ಕಮಾಂಡ್

ಇದು ಮಲೆನಾಡಿನವರಿಗೆ ಹೆಚ್ಚು ಬೇಕಾಗುವ ಭಾಗ. ಜುಲೈ ತಿಂಗಳು, ಹುಡುಗಿ ತೀರ್ಥಹಳ್ಳಿ ಹತ್ತಿರ ಅಜ್ಜನ ಮನೆಯಲ್ಲಿದ್ದಳು. ಹಳೆಯ ಡೆಸ್ಕ್‌ಟಾಪ್, ಯುಪಿಎಸ್ ಬ್ಯಾಟರಿ ಹೋಗಿ ವರ್ಷವಾಗಿದೆ. ಮ್ಯಾಕ್ರೋ 500 ದಾಟಿತ್ತು. ಗಾಳಿ ಮಳೆಗೆ ಎಲ್ಲೋ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು. ರಿಸಲ್ಟ್ ಟೇಬಲನ್ನು ‘ಸೇವ್‌ಆಸ್’ ಕಮಾಂಡಿನಿಂದ ಉಳಿಸುವ ಸಾಲು ಸುತ್ತು ಪೂರ್ತಿ ಮುಗಿದ ಮೇಲೆ ಇತ್ತು. 500 ಎಲೆಯ ಲೆಕ್ಕವೂ ಹೋಯಿತು.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಮೊದಲನೆಯದು ‘ಫೈಲ್.ಅಪೆಂಡ್’. ಒಂದು ಸಾಲು ಅಕ್ಷರ ಮತ್ತು ಒಂದು ಫೈಲಿನ ದಾರಿ ಕೊಟ್ಟರೆ ಆ ಫೈಲಿನ ಕೊನೆಗೆ ಆ ಸಾಲನ್ನು ಸೇರಿಸುತ್ತದೆ. ಪ್ರತಿ ಎಲೆ ಮುಗಿದ ತಕ್ಷಣ ‘ಗೆಟ್‌ರಿಸಲ್ಟ್’ ಬಳಸಿ ಟೇಬಲಿನಿಂದ ವಿಸ್ತೀರ್ಣ ಮತ್ತು ಶೇಕಡಾ ತೆಗೆದು, ಹೆಸರಿನ ಜೊತೆ ಅಲ್ಪವಿರಾಮ ಹಾಕಿ ಜೋಡಿಸಿ ಸಿಎಸ್‌ವಿ ಫೈಲಿಗೆ ಬರೆಸಿದೆವು. ‘ಎನ್‌ರಿಸಲ್ಟ್ಸ್’ ಅಂದರೆ ಒಟ್ಟು ಸಾಲುಗಳ ಸಂಖ್ಯೆ. ಎಣಿಕೆ 0ಯಿಂದ ಶುರು ಆಗಿರುವುದರಿಂದ ಕೊನೆಯ ಸಾಲು ಬೇಕಾದರೆ ಅದರಿಂದ 1 ಕಳೆಯಬೇಕು.

ಎರಡನೆಯದು ‘ಫೈಲ್.ಎಕ್ಸಿಸ್ಟ್ಸ್’. ಪ್ರತಿ ಎಲೆಗೂ ಚುಕ್ಕೆ ಎಲ್ಲೆಲ್ಲಿ ಹಿಡಿದಿದೆ ಅನ್ನುವುದನ್ನು ಬಣ್ಣ ಹಚ್ಚಿ ತೋರಿಸುವ ಒಂದು ಚಿಕ್ಕ ಚಿತ್ರವನ್ನು ಬೇರೆ ಫೋಲ್ಡರಿನಲ್ಲಿ ಉಳಿಸುತ್ತಿದ್ದೆವು. ಸುತ್ತಿನ ಶುರುವಿನಲ್ಲೇ ಆ ಚಿತ್ರ ಇದೆಯಾ ಅಂತ ಕೇಳಿ, ಇದ್ದರೆ ಈ ಎಲೆ ಮುಗಿದಿದೆ, ಮುಂದೆ ಹೋಗು ಅಂತ ಬರೆದೆವು. ಕರೆಂಟ್ ಹೋಗಲಿ, ಬರಲಿ, ಮತ್ತೆ ರನ್ ಒತ್ತಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಚಿತ್ರಗಳನ್ನು ಮೂಲ ಚಿತ್ರಗಳ ಫೋಲ್ಡರಿನಲ್ಲೇ ಉಳಿಸಬೇಡಿ, ಎರಡನೇ ಸಲ ಓಡಿಸಿದಾಗ ಅವನ್ನೂ ಎಲೆ ಅಂತ ಅಳೆಯುತ್ತದೆ. ‘ಫೈಲ್.ಮೇಕ್‌ಡೈರೆಕ್ಟರಿ’ ಹೊಸ ಫೋಲ್ಡರ್ ಮಾಡಿಕೊಡುತ್ತದೆ.

ಆ ಬಣ್ಣ ಹಚ್ಚಿದ ಚಿತ್ರಗಳು ಬರೀ ಗುರುತಿಗಲ್ಲ. ಅವಳು 640ನ್ನೂ ಥಂಬ್‌ನೇಲ್ ಮಾಡಿ ಒಂದು ಸಂಜೆ ಕೂತು ಕಣ್ಣಾಡಿಸಿದಳು. ನಾಲ್ಕು ಎಲೆಯಲ್ಲಿ ಪಾಚಿ ಒಣಗಿ ಕಂದಾಗಿದ್ದನ್ನು ಚುಕ್ಕೆ ಅಂತ ಹಿಡಿದಿತ್ತು. ಟೇಬಲ್ ನೋಡಿದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಬೇರೆಯವರೂ ಬಳಸುವ ಹಾಗೆ ಮಾಡಿಕೊಟ್ಟೆ. ‘ಡೈಲಾಗ್.ಕ್ರಿಯೇಟ್’ ಒಂದು ಪೆಟ್ಟಿಗೆ ಮಾಡುತ್ತದೆ, ‘ಡೈಲಾಗ್.ಆಡ್‌ನಂಬರ್’ ಅದರಲ್ಲಿ ಸಂಖ್ಯೆ ತುಂಬುವ ಜಾಗ, ‘ಡೈಲಾಗ್.ಶೋ’ ಅದನ್ನು ತೋರಿಸುತ್ತದೆ, ‘ಡೈಲಾಗ್.ಗೆಟ್‌ನಂಬರ್’ ತುಂಬಿದ್ದನ್ನು ಓದುತ್ತದೆ. ಎರಡು ಸಂಖ್ಯೆ ಕೇಳಿದ್ದರೆ ಎರಡು ಸಲ, ಕೇಳಿದ ಕ್ರಮದಲ್ಲೇ ಓದಬೇಕು. ಡಿಪಿಐ ಮತ್ತು ಥ್ರೆಶೋಲ್ಡ್ ಗಡಿ ಮಾತ್ರ ಕೇಳಿದೆವು, ಉಳಿದದ್ದು ಮ್ಯಾಕ್ರೋ ಒಳಗೇ. ಫೈಲಿಗೆ ಎಲೆ ಅಂಡರ್‌ಸ್ಕೋರ್ ಚುಕ್ಕೆ .ಐಜೆಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟು ಪ್ಲಗಿನ್ಸ್ ಫೋಲ್ಡರಿಗೆ ಹಾಕಿ ಫಿಜಿ ಮತ್ತೆ ತೆರೆದರೆ, ಪ್ಲಗಿನ್ಸ್ ಮೆನುವಿನಲ್ಲಿ ಅದು ಬಂದು ಕೂರುತ್ತದೆ. ಅವಳ ಬ್ಯಾಚಿನಲ್ಲಿ ಕಾಳುಮೆಣಸಿನ ಎಲೆಯ ಮೇಲೆ ಕೆಲಸ ಮಾಡುವ ಹುಡುಗನೊಬ್ಬ ಅದನ್ನು ತೆಗೆದುಕೊಂಡು ಹೋಗಿದ್ದಾನೆ. ಮೆಣಸಿನ ಎಲೆ ಚಿಕ್ಕದು, ಹಾಗಾಗಿ ಸೈಜಿನ 20 ಅನ್ನುವುದನ್ನು 5 ಮಾಡಿಕೊಂಡಿದ್ದಾನೆ, ಗಡಿ ಹುಡುಕಲು ತನ್ನದೇ ಇಪ್ಪತ್ತು ಎಲೆ ಆರಿಸುತ್ತಿದ್ದಾನೆ.